ಬೇಲಿ ಜಗಳ ಕೈಮೀರಿದಾಗ: ಸರ್ವೆ, ಹಿರಿಯರು, ಠಾಣೆ, ಕೋರ್ಟು, ಮೊದಲು ಯಾವ ಬಾಗಿಲು?

ನಮ್ಮದು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಒಂದು ಸಣ್ಣ ತೋಟ. ಅದರ ಕೆಳಗಿನ ಅಂಚಿನಲ್ಲಿ ಹನ್ನೊಂದು ಸಿಲ್ವರ್ ಓಕ್ ಮರಗಳಿವೆ. ಒಂದೊಂದಕ್ಕೂ ಕರಿಮೆಣಸಿನ ಬಳ್ಳಿ ಹಬ್ಬಿದೆ. ಆ ಮರಗಳ ಸಾಲೇ ಗಡಿ ಅಂತ ಎರಡೂ ಮನೆಯವರು ನಂಬಿಕೊಂಡಿದ್ದೆವು. ಮೆಣಸಿಗೆ ಒಳ್ಳೆ ರೇಟು ಬಂದ ವರ್ಷ ಪಕ್ಕದ ತೋಟದ ಮಾವ ಏಣಿ ಇಡಿಸಿ ಆರು ಮರದ ಮೆಣಸು ಕೊಯ್ಸಿಕೊಂಡರು. ಸಂಬಂಧದಲ್ಲಿ ಮಾವ ಅಲ್ಲ, ಚಿಕ್ಕಂದಿನಿಂದ ಹಾಗೇ ಕರೆದು ಅಭ್ಯಾಸ. ಅಪ್ಪ ಕಣದಿಂದ ಓಡಿ ಹೋಗಿ ಆಳುಗಳ ಮುಂದೆಯೇ ಬಾಯಿಗೆ ಬಂದಂತೆ ಬೈದರು. ಮುಂದಿನ ವಾರ ನಮ್ಮ ಪಿಕಪ್ ಹೋಗುವ ದಾರಿಗೆ ಸರಪಳಿ ಬಿತ್ತು. ಆಮೇಲೆ ಐದು ವರ್ಷ ಮಾತಿಲ್ಲ. ಅಜ್ಜಿ ತೀರಿಕೊಂಡಾಗಲೂ ಆ ಮನೆಯಿಂದ ಯಾರೂ ಬರಲಿಲ್ಲ. ಅದು ನನಗೆ ಈಗಲೂ ನೋವು.

ಆ ಐದು ವರ್ಷದಲ್ಲಿ ನಾವು ಠಾಣೆಗೆ ಹೋದೆವು, ವಕೀಲರ ಹತ್ತಿರ ಹೋದೆವು, ಊರಿನವರನ್ನು ಕೂರಿಸಿದೆವು. ಅಳತೆ ಮಾಡಿಸಿದ್ದು ಎಲ್ಲಕ್ಕಿಂತ ಕೊನೆಗೆ. ಮೊದಲೇ ಮಾಡಿಸಿದ್ದರೆ ಬಾಕಿ ಅರ್ಧ ಓಡಾಟ ಬೇಕಿರಲಿಲ್ಲ. ಅದಕ್ಕೇ, ಈಗ ಇಂಥದ್ದೇ ಜಗಳದ ನಡುವೆ ಇರುವವರು ಯಾವ ದಾರಿ ಹಿಡಿಯಬೇಕು, ಯಾವುದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಜಗಳ ಯಾವುದರದ್ದು?

ದಾರಿ ಆರಿಸುವ ಮೊದಲು ಇದನ್ನು ಕೇಳಿಕೊಳ್ಳಿ. ನಿಮ್ಮ ಜಗಳ ಗೆರೆ ಎಲ್ಲಿದೆ ಅನ್ನುವುದರದ್ದಾ? ಜಾಗ ಯಾರದ್ದು ಅನ್ನುವುದರದ್ದಾ? ಅಥವಾ ಪಕ್ಕದವರು ನಡೆದುಕೊಳ್ಳುವ ರೀತಿಯದ್ದಾ? ಗೆರೆಗೆ ಸರ್ವೆ. ಹಕ್ಕಿಗೆ ಸಿವಿಲ್ ಕೋರ್ಟು. ಬೆದರಿಕೆ, ಹೊಡೆದಾಟ, ಬೆಳೆ ಹಾಳು ಮಾಡುವುದಕ್ಕೆ ಪೊಲೀಸು. ಸಿಟ್ಟಿನಲ್ಲಿ ಮೂರೂ ಒಂದೇ ಅನ್ನಿಸುತ್ತದೆ. ಗೆರೆಯ ಜಗಳವನ್ನು ಠಾಣೆಗೆ ಒಯ್ದರೆ ‘ಇದು ಸಿವಿಲ್ ಮ್ಯಾಟರ್’ ಅನ್ನುತ್ತಾರೆ, ಮತ್ತು ಅವರು ಹೇಳುವುದು ಸರಿಯೇ. ಹಕ್ಕಿನ ಜಗಳವನ್ನು ಸರ್ವೆಯವರ ಮುಂದಿಟ್ಟರೆ ಅವರು ಅಳೆದು ಕೊಟ್ಟು ಹೋಗುತ್ತಾರೆ, ಜಗಳ ಅಲ್ಲೇ ಇರುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಮೂರೂ ಕಲಸಿಕೊಳ್ಳುವುದಕ್ಕೆ ಕಾರಣ ಇದೆ. ಇಲ್ಲಿ ಗದ್ದೆಗೆ ಅಂಟಿಕೊಂಡಂತೆ ಬಾಣೆ, ಅಂದರೆ ಮರಗಿಡದ ಗುಡ್ಡದ ಜಾಗ, ಕೊಟ್ಟಿದ್ದು ಸೌದೆ, ಸೊಪ್ಪು, ಮೇವಿಗೆ. ಆಗ ಗಡಿ ಅಂದರೆ ಒಂದು ತೋಡು, ಒಂದು ಕೊಲ್ಲಿ, ಹಳೇ ಕಡಂಗ (ಹಿಂದಿನವರು ತೋಡಿದ ಕಂದಕ), ಇಲ್ಲಾ ಒಂದು ದೊಡ್ಡ ಮರ. ನಾಲ್ಕು ಅಡಿ ಆಚೆ ಈಚೆ ಆದರೆ ಯಾರೂ ಕೇಳುತ್ತಿರಲಿಲ್ಲ. ಅದೇ ಬಾಣೆಗೆ ಕಾಫಿ ಬಂತು, ಮೆಣಸು ಬಂತು, ಈಗ ಹೋಂಸ್ಟೇ ಬಂದಿದೆ. ಒಂದು ಸೆಂಟು ಅಂದರೆ 435.6 ಚದರ ಅಡಿ, ನೂರು ಸೆಂಟಿಗೆ ಒಂದು ಏಕರೆ. ಆ ಒಂದು ಸೆಂಟಿಗೂ ಈಗ ಬೆಲೆ ಇದೆ. ಅದರ ಮೇಲೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಕಡೆ ಬೇಲಿ, ಕಲ್ಲು, ಮರ ಎಲ್ಲ ಮಣ್ಣಿನ ಜೊತೆ ಕೊಚ್ಚಿ ಹೋಯಿತು. ಕಣ್ಣಿಗೆ ಕಾಣುವ ಗುರುತೇ ಇಲ್ಲದ ಮೇಲೆ ಇಬ್ಬರೂ ತಮ್ಮ ನೆನಪನ್ನೇ ಗಡಿ ಅನ್ನುತ್ತಾರೆ.

ಸರ್ವೆ: ಮೊದಲ ಬಾಗಿಲು ಇದೇ ಆಗಲಿ

ಗಡಿ ಗುರುತಿಸಿ ಕೊಡುವ ಅಳತೆಗೆ ಹದ್ದುಬಸ್ತು ಅನ್ನುತ್ತಾರೆ. ನಾಡಕಚೇರಿಯಲ್ಲಿ ಅಥವಾ ತಾಲ್ಲೂಕು ಕಚೇರಿಯ ಮೋಜಿಣಿ ಕೌಂಟರ್‌ನಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಸರ್ವೆಯರ್ ಬರುವ ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗುತ್ತದೆ. ಪಕ್ಕದವರು ನಿಮ್ಮ ಹತ್ತಿರ ಮಾತು ಬಿಟ್ಟಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಎಲ್ಲ ದಾರಿಗಳಲ್ಲಿ ಇದೊಂದಕ್ಕೇ ಎದುರಿನವರ ಒಪ್ಪಿಗೆಯೂ ಬೇಡ, ಜಗಳವೂ ಬೇಡ. ಅದಕ್ಕೇ ನಾನು ಇದನ್ನು ಮೊದಲು ಇಡುತ್ತೇನೆ.

ಸರ್ವೆಯರ್ ಹಳೇ ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಗ್ರಾಮ ನಕ್ಷೆ, ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ನೋಡಿ ಗೆರೆ ಎಳೆಯುತ್ತಾರೆ. ನಿಮ್ಮ ಕೈಯಲ್ಲಿರುವ ಪಹಣಿಯಲ್ಲಿ ಎಷ್ಟು ಏಕರೆ ಅಂತ ಇರುತ್ತದೆ, ಎಲ್ಲಿಂದ ಎಲ್ಲಿಗೆ ಅಂತ ಇರುವುದಿಲ್ಲ. ಹಾಗಾಗಿ ‘ಪಹಣಿಯಲ್ಲಿ ಮೂರು ಏಕರೆ ಇದೆ, ಇಲ್ಲಿ ಕಮ್ಮಿ ಇದೆ, ಆದ್ದರಿಂದ ಅವರು ಒತ್ತಿದ್ದಾರೆ’ ಅನ್ನುವ ಲೆಕ್ಕ ತಪ್ಪಾಗುವುದೇ ಜಾಸ್ತಿ.

ಇನ್ನೊಂದು ತಪ್ಪು ನಮ್ಮ ಅಪ್ಪನೇ ಮಾಡಿದ್ದು. ಟೇಪ್ ಹಿಡಿದು ಇಳಿಜಾರಿನ ಉದ್ದಕ್ಕೂ ಅಳೆದರು. ಸರ್ವೆ ಲೆಕ್ಕ ಮಟ್ಟಸವಾದ ಅಳತೆಯದ್ದು, ಇಳಿಜಾರಿನದ್ದಲ್ಲ. ಮೂವತ್ತು ಡಿಗ್ರಿ ಇಳಿಜಾರಿನಲ್ಲಿ ಟೇಪು ನೂರು ಅಡಿ ತೋರಿಸಿದರೆ ನಕ್ಷೆಯಲ್ಲಿ ಅದು ಸುಮಾರು ಎಂಬತ್ತೇಳು ಅಡಿ ಮಾತ್ರ. ಕೊಡಗಿನಂಥ ಗುಡ್ಡದ ಊರಲ್ಲಿ ಬರೀ ಟೇಪಿನಿಂದ ಹುಟ್ಟಿದ ಜಗಳಗಳೂ ಇವೆ. ಮೊಬೈಲಿನ ದಿಶಾಂಕ್ ಆ್ಯಪ್ ಕೂಡ ಹೀಗೆಯೇ. ನೀವು ನಿಂತಿರುವುದು ಯಾವ ಸರ್ವೆ ನಂಬರ್ ಅಂತ ತಿಳಿಯುವುದಕ್ಕೆ ಚೆನ್ನಾಗಿದೆ. ಆದರೆ ಅದು ತೋರಿಸುವ ಗೆರೆ ಕೆಲವು ಮೀಟರ್ ಆಚೆ ಈಚೆ ಇರಬಹುದು. ಅದನ್ನು ನೋಡಿ ಬೇಲಿ ಕೀಳಬೇಡಿ.

ನಮ್ಮಲ್ಲಿ ಅಳತೆ ಆಗಿದ್ದು ಮಾರ್ಚ್‌ನಲ್ಲಿ. ರೊಬಸ್ಟಾ ಕೊಯ್ಲು ಮುಗಿದಿತ್ತು, ಕಪಾತು ಆಗಿತ್ತು, ತೋಟದಲ್ಲಿ ಸಾಲು ಸಾಲಾಗಿ ಕಣ್ಣು ಹಾಯುತ್ತಿತ್ತು. ಕೊಡಗಿನಲ್ಲಿ ಅಳತೆಗೆ ಅದೇ ಹೊತ್ತು. ಜೂನ್ ಹಿಡಿದ ಮೇಲೆ ಮಳೆ, ಜಿಗಣೆ, ಕಾಡು ಬೆಳೆದು ಕಲ್ಲೇ ಸಿಗುವುದಿಲ್ಲ. ಸರ್ವೆಯರ್ ಒಂದು ಕಡೆ ನಿಂತು ‘ಇಲ್ಲೊಂದು ಕಲ್ಲು ಇರಬೇಕಲ್ಲ’ ಅಂದರು. ಲಂಟಾನ ಪೊದೆ. ನಮ್ಮ ತೋಟದ ಆಳು ಕತ್ತಿಯಿಂದ ಸವರಿ, ಕೊಳೆತ ಎಲೆ ಬಗೆದ. ಮೊಣಕೈ ಉದ್ದದ ಕಲ್ಲು, ಮೈತುಂಬ ಪಾಚಿ. ಪಾಚಿ ಕೆರೆದಾಗ ತಲೆಯ ಮೇಲೆ ಉಳಿಯಲ್ಲಿ ಕೊರೆದ ಗೀಟು ಕಂಡಿತು. ಮಾವ ಅಲ್ಲೇ ಹತ್ತು ಅಡಿ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಹತ್ತಿರ ಬಂದು ಬಗ್ಗಿ ನೋಡಿದರು. ಐದು ವರ್ಷದಲ್ಲಿ ಮೊದಲ ಸಲ ಅಪ್ಪನೂ ಅವರೂ ಒಂದೇ ಕಡೆ ಬಗ್ಗಿ ನಿಂತಿದ್ದನ್ನು ನಾನು ನೋಡಿದೆ.

ಗೆರೆ ಎಳೆದಾಗ ಮರಗಳ ಸಾಲು ಗಡಿಯೇ ಅಲ್ಲ ಅಂತಾಯಿತು. ಒಂದು ತುದಿಯಲ್ಲಿ ನಾವು ಅವರ ಜಾಗದಲ್ಲಿ ಮೂರು ಸೆಂಟು ಇದ್ದೆವು. ಇನ್ನೊಂದು ತುದಿಯಲ್ಲಿ ಅವರು ನಮ್ಮ ನಾಲ್ಕು ಸೆಂಟಿನಲ್ಲಿದ್ದರು. ಇಷ್ಟಕ್ಕೆ ಐದು ವರ್ಷ.

ಹದ್ದುಬಸ್ತಿನ ಮಿತಿಯನ್ನೂ ತಿಳಿದುಕೊಳ್ಳಿ. ಅದು ಗೆರೆ ತೋರಿಸುತ್ತದೆ, ಆಚೆ ಇರುವವರನ್ನು ಎಬ್ಬಿಸುವುದಿಲ್ಲ. ಅವರು ‘ಅಳತೆ ಒಪ್ಪಲ್ಲ’ ಅಂದರೆ ಭೂದಾಖಲೆಗಳ ಮೇಲಧಿಕಾರಿಗಳ ಬಳಿ ಹೋಗಬಹುದು, ನೀವೂ ಹೋಗಬಹುದು. ಆದರೆ ನೆಟ್ಟ ಕಲ್ಲನ್ನು ಕಿತ್ತರೆ ಅದೇ ಒಂದು ಅಪರಾಧ. ಅಳತೆಯ ದಿನವೇ ಪ್ರತಿ ಕಲ್ಲಿನ ಹತ್ತಿರ ನಿಂತು ಫೋಟೋ ತೆಗೆದಿಡಿ, ಹಿಂದೆ ಮರವೋ ಮನೆಯೋ ಕಾಣುವ ಹಾಗೆ.

ಪೋಡಿ (ಸರ್ಕಾರಿ ಅಳತೆಯಲ್ಲಿ ಪಾಲು ಬೇರೆ ಮಾಡುವುದು) ಆಗದ ಜಾಗವಾದರೆ

ಇಲ್ಲಿ ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ ಇರುವವರು ಗಮನ ಕೊಡಬೇಕು. ಪಹಣಿಯಲ್ಲಿ ಯಾವುದೋ ಕಾಲದ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರು, ಜೊತೆಗೆ ಒಕ್ಕದ, ಅಂದರೆ ಕುಲದ ಇನ್ನೂ ಹತ್ತಾರು ಜನ. ಒಳಗೆ ಬಾಯಿಮಾತಿನಲ್ಲಿ ಪಾಲಾಗಿ, ಅವರವರ ಭಾಗಕ್ಕೆ ಅವರವರು ಬೇಲಿ ಹಾಕಿಕೊಂಡಿರುತ್ತಾರೆ. ಸರ್ಕಾರದ ನಕ್ಷೆಯಲ್ಲಿ ಆ ಬೇಲಿ ಇಲ್ಲವೇ ಇಲ್ಲ. ಅಂಥ ಕಡೆ ಸರ್ವೆಯರ್ ಇಡೀ ಸರ್ವೆ ನಂಬರಿನ ಹೊರಗಡಿ ತೋರಿಸಬಹುದು. ನಿಮ್ಮ ಪಾಲಿನ ಗಡಿ ತೋರಿಸಿ ಅಂದರೆ ಅವರ ಹತ್ತಿರ ಅಳೆಯಲು ದಾಖಲೆಯೇ ಇರುವುದಿಲ್ಲ. ಅಣ್ಣ ತಮ್ಮ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ನಡುವಿನ ಜಗಳ ಬಹಳಷ್ಟು ಈ ಜಾತಿಯದ್ದು. ಇದಕ್ಕೆ ಹದ್ದುಬಸ್ತು ಮದ್ದಲ್ಲ. ಮೊದಲು ಪಾಲು ಕಾಗದಕ್ಕೆ ಬರಬೇಕು, ನೋಂದಣಿ ಆಗಬೇಕು, ಪೋಡಿ ಆಗಬೇಕು. ಎಲ್ಲರೂ ಸಹಿ ಹಾಕಿದರೆ ಸುಲಭ. ಒಬ್ಬರು ಒಪ್ಪದಿದ್ದರೆ ಕೋರ್ಟಿನಲ್ಲಿ ವಿಭಾಗದ ದಾವೆ ಹಾಕಬೇಕು.

ಪೈಸಾರಿಯನ್ನೂ, ಅಂದರೆ ಸರ್ಕಾರದ ಜಾಗವನ್ನೂ ನೋಡಿಕೊಳ್ಳಿ. ಇಬ್ಬರೂ ‘ನಮ್ಮದು’ ಅಂತ ಕಿತ್ತಾಡುತ್ತಿರುವ ತುಂಡು ಅಳೆದಾಗ ಇಬ್ಬರದೂ ಅಲ್ಲದೆ ಸರ್ಕಾರದ್ದಾಗಿರಬಹುದು. ಹಳೇ ಟಿಪ್ಪಣಿಯ ನಕಲು ತೆಗೆಸಿ ನೋಡಿದರೆ ಇದು ಮೊದಲೇ ಗೊತ್ತಾಗುತ್ತದೆ. ಗಡಿ ಮೇಲೆ ಬೀಟೆಯಂಥ ಮರ ಇದ್ದರೆ ಅದನ್ನು ಇಬ್ಬರೂ ಮುಟ್ಟಬೇಡಿ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅನ್‌ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟದ) ಜಾಗದಲ್ಲಿ ಮರದ ಹಕ್ಕೇ ಸರ್ಕಾರದ್ದು.

ಊರಿನ ಹಿರಿಯರು

ತಕ್ಕರು (ಊರಿನ ಮುಖ್ಯಸ್ಥರು), ಒಕ್ಕದ ಪಟ್ಟೆದಾರರು, ಇಲ್ಲಾ ಇಬ್ಬರಿಗೂ ಬೇಕಾದ ಒಬ್ಬ ಮೇಷ್ಟ್ರು. ಖರ್ಚಿಲ್ಲ, ಒಂದೇ ಸಂಜೆಗೆ ಮುಗಿಯಬಹುದು. ಆದರೆ ಅಳತೆಗೆ ಮೊದಲು ಅವರನ್ನು ಕೂರಿಸಿದರೆ ಅವರೂ ಏನು ಮಾಡಿಯಾರು? ‘ನನ್ನ ಕಾಲದಿಂದ ಹೀಗೇ ಇತ್ತು’ ಅಂತ ಇಬ್ಬರೂ ಹೇಳುತ್ತಾರೆ. ನಮ್ಮ ಪಂಚಾಯಿತಿ ಹಾಗೇ ಮುರಿದು ಬಿತ್ತು, ಮಧ್ಯೆ ಬಂದ ಹಿರಿಯರ ಮೇಲೂ ಅಪ್ಪನಿಗೆ ಬೇಜಾರು ಉಳಿಯಿತು. ಅದೇ ಹಿರಿಯರು ಅಳತೆಯಾದ ಮೇಲೆ ನಕ್ಷೆ ಮುಂದಿಟ್ಟುಕೊಂಡು ಕೂತಾಗ ಒಂದು ಗಂಟೆಯಲ್ಲಿ ದಾರಿ ತೋರಿಸಿದರು.

ಅಲ್ಲಿ ಆದ ಒಪ್ಪಂದವನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಪೆಟ್ಟಿಗೆಯಲ್ಲಿ ಇಡಬೇಡಿ. ‘ನಿಮ್ಮ ಮೂರು ಸೆಂಟು ನಮಗೆ, ನಮ್ಮ ನಾಲ್ಕು ನಿಮಗೆ’ ಅಂತ ಜಾಗ ಕೈ ಬದಲಾಗುವುದಾದರೆ ಅದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಅದಕ್ಕೆ ಮೊದಲು 11ಇ ನಕ್ಷೆ, ಅಂದರೆ ಕೈ ಬದಲಾಗುವ ತುಂಡಿನ ಸರ್ವೆ ನಕ್ಷೆ, ಮಾಡಿಸಬೇಕು. ಇಲ್ಲದಿದ್ದರೆ ಮುಂದಿನ ತಲೆಮಾರು ಇದೇ ಜಗಳವನ್ನು ಮತ್ತೆ ಮೊದಲಿನಿಂದ ಆಡುತ್ತದೆ.

ಒಂದು ಮಾತು ದೊಡ್ಡ ತೋಟದವರಿಗೆ. ಬೇಲಿಯ ಆಚೆ ಇರುವುದು ಯರವರದೋ ಜೇನುಕುರುಬರದೋ ಐದು ಸೆಂಟಿನ ಮನೆಯಾದರೆ ‘ಹಿರಿಯರ ಮುಂದೆ ತೀರ್ಮಾನ’ ಅನ್ನುವುದು ಸರಿಸಮದ ಮಾತಾಗುವುದಿಲ್ಲ. ಆ ಹಿರಿಯರೆಲ್ಲ ನಿಮ್ಮ ಕಡೆಯವರೇ. ಆದಿವಾಸಿಗಳ ಜಾಗದಿಂದ ಅವರನ್ನು ಎಬ್ಬಿಸುವುದು ದೌರ್ಜನ್ಯ ತಡೆ ಕಾಯಿದೆಯಡಿ ಅಪರಾಧ. ಅಂಥ ಕಡೆ ಸರ್ಕಾರಿ ಅಳತೆ ಬಿಟ್ಟು ಬೇರೆ ದಾರಿ ಹಿಡಿಯಲೇಬಾರದು.

ಠಾಣೆ ಯಾವಾಗ?

ಜೀವಕ್ಕೆ, ಬೆಳೆಗೆ, ಮನೆಯವರಿಗೆ ಅಪಾಯ ಅನ್ನಿಸಿದಾಗ. ಆಗ ಒಂದು ಗಳಿಗೆಯೂ ಕಾಯಬೇಡಿ, 112ಕ್ಕೆ ಫೋನ್ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆಸ್ತಿ ಹಾಳು ಮಾಡುವುದಕ್ಕೆ 324, ಅತಿಕ್ರಮ ಪ್ರವೇಶಕ್ಕೆ 329, ಬೆದರಿಕೆಗೆ 351ನೇ ಕಲಂ ಇದೆ. ದೂರು ಬರೆಯುವಾಗ ಗಡಿಯ ಕತೆ ಹೇಳಬೇಡಿ. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥವರು ಬಂದು ಇಷ್ಟು ಕಾಫಿ ಗಿಡ ಕಡಿದರು, ಹೀಗೆ ಹೆದರಿಸಿದರು’ ಅಂತ ನಡೆದದ್ದನ್ನು ಮಾತ್ರ ಬರೆಯಿರಿ. ಸ್ವೀಕೃತಿ ಪಡೆಯಿರಿ. ನಾವು ಮಾಡಿದ ತಪ್ಪು ಅಂದರೆ ನಾಲ್ಕು ಪುಟ ಜಮೀನಿನ ಇತಿಹಾಸ ಬರೆದು, ಕೊನೆಯ ಸಾಲಿನಲ್ಲಿ ಬೆದರಿಕೆಯ ವಿಷಯ ಹಾಕಿದ್ದು.

ಠಾಣೆಯ ದಾರಿಯಲ್ಲಿ ನಷ್ಟವೂ ಇದೆ. ನಿಮ್ಮ ದೂರಿಗೆ ಅವರ ಪ್ರತಿದೂರು ಬಂದೇ ಬರುತ್ತದೆ. ಎರಡು ಮನೆಯ ಹುಡುಗರ ಹೆಸರು ಎಫ್‌ಐಆರ್‌ಗೆ ಸೇರುತ್ತದೆ. ಅವರು ಪಾಸ್‌ಪೋರ್ಟಿಗೆ, ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಎದುರಾಗುತ್ತದೆ. ಸುಮ್ನೆ ಒತ್ತಡ ಹೇರುವುದಕ್ಕೆ ಅಂತ ಕೊಟ್ಟ ದೂರು ಬೇಕೆಂದಾಗ ವಾಪಸ್ ಬರುವುದಿಲ್ಲ.

ಕೋವಿಯ ಮಾತನ್ನು ಇಲ್ಲಿ ಹೇಳಲೇಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟ್ ಎತ್ತಿ ಹಿಡಿದಿದೆ. ಮನೆಯಲ್ಲಿ ಕೋವಿ ಇರುವುದು ಇಲ್ಲಿ ಗೌರವದ ವಿಷಯ, ಕೈಲ್‌ಪೊಳ್ದು ಹಬ್ಬದಲ್ಲಿ ಅದಕ್ಕೆ ಪೂಜೆ ಮಾಡುತ್ತಾರೆ. ಬೇಲಿಯ ಹತ್ತಿರ ಮಾತು ಬೆಳೆಯುತ್ತಿದೆ ಅನ್ನಿಸಿದ ದಿನವೇ ಮನೆಯ ಹೆಂಗಸರು ಅದರ ಬೀಗದ ಕೈ ತೆಗೆದಿಟ್ಟುಕೊಳ್ಳಲಿ. ಸುಮ್ಮನೆ ಹೆಗಲಿಗೆ ಹಾಕಿಕೊಂಡು ಗಡಿಗೆ ಹೋದರೂ ಆಚೆ ನಿಂತವರಿಗೆ ಅದು ಬೆದರಿಕೆಯೇ.

ದೊಡ್ಡ ಗಲಾಟೆ ಆಗುವ ಸೂಚನೆ ಇದ್ದರೆ ಪೊಲೀಸರ ವರದಿ ಮೇಲೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ನಾಗರಿಕ ಸುರಕ್ಷಾ ಸಂಹಿತೆಯ 164ನೇ ಕಲಂ ಅಡಿ ಇಬ್ಬರನ್ನೂ ಕರೆಸಬಹುದು. ಅವರು ನೋಡುವುದು ಜಾಗ ಯಾರ ಕೈಯಲ್ಲಿತ್ತು ಅನ್ನುವುದನ್ನು ಮಾತ್ರ, ಯಾರದ್ದು ಅನ್ನುವುದನ್ನಲ್ಲ.

ಲೋಕ ಅದಾಲತ್ ಮತ್ತು ಕೋರ್ಟು

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಮಾತಿಗೆ ಇನ್ನೂ ಜಾಗ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಕೇಸು ಹಾಕುವ ಮೊದಲೇ. ಶುಲ್ಕವಿಲ್ಲ. ಅಲ್ಲಿ ರಾಜಿಯಾದರೆ ಆ ತೀರ್ಪಿಗೆ ಕೋರ್ಟಿನ ಡಿಕ್ರಿಯ ಬಲ ಇರುತ್ತದೆ, ಮೇಲ್ಮನವಿ ಇರುವುದಿಲ್ಲ. ಹಿರಿಯರ ಪಂಚಾಯಿತಿಗೂ ಇದಕ್ಕೂ ವ್ಯತ್ಯಾಸ ಅದೇ. ಇಲ್ಲಿ ಕೊಟ್ಟ ಮಾತಿಗೆ ಹಿಂದೆ ಕಾನೂನು ನಿಂತಿರುತ್ತದೆ. ಆದರೆ ಒಬ್ಬರು ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತವಾಗಿ ಸಿಗುತ್ತಾರೆ. ಸಹಾಯವಾಣಿ 15100. ನಮ್ಮ ಅರ್ಜಿ ನನ್ನ ಹೆಸರಿನಲ್ಲೇ ಇತ್ತು.

ಕೋರ್ಟು ಬೇಕಾಗುವುದು ಎದುರಿನವರು ಯಾವುದಕ್ಕೂ ಬಗ್ಗದಾಗ. ಇಲ್ಲಿ ಏನು ಕೇಳುತ್ತೀರಿ ಅನ್ನುವುದೇ ಮುಖ್ಯ. ಜಾಗ ನಿಮ್ಮ ಕೈಯಲ್ಲಿದೆ, ಹಕ್ಕಿನ ಬಗ್ಗೆ ತಕರಾರಿಲ್ಲ, ಅವರು ಸುಮ್ನೆ ತೊಂದರೆ ಕೊಡುತ್ತಿದ್ದಾರೆ ಅಂದರೆ ತಡೆಯಾಜ್ಞೆ ಸಾಕು. ಹಕ್ಕನ್ನೇ ಪ್ರಶ್ನಿಸುತ್ತಿದ್ದರೆ ‘ಇದು ನನ್ನದು’ ಅಂತ ಘೋಷಣೆಯನ್ನೂ ಕೇಳಬೇಕು. ಜಾಗ ಕೈತಪ್ಪಿದ್ದರೆ ಸ್ವಾಧೀನವನ್ನೂ ಕೇಳಬೇಕು. ಬರೀ ತಡೆಯಾಜ್ಞೆ ಕೇಳಿ ವರ್ಷಗಟ್ಟಲೆ ಅಲೆದು, ಕೊನೆಗೆ ದಾವೆಯೇ ಸರಿಯಿಲ್ಲ ಅಂತ ವಾಪಸ್ ಬಂದವರಿದ್ದಾರೆ. ವಕೀಲರನ್ನು ಮೊದಲ ದಿನವೇ ಇದನ್ನು ಕೇಳಿ. ಕೋರ್ಟು ಬೇಕೆಂದರೆ ಕೋರ್ಟ್ ಕಮಿಷನರನ್ನು (ಸ್ಥಳ ನೋಡಿ ವರದಿ ಕೊಡುವವರನ್ನು) ನೇಮಿಸಿ ಸ್ಥಳ ಅಳೆಸುತ್ತದೆ. ಹದ್ದುಬಸ್ತಿನ ನಕ್ಷೆ ಮೊದಲೇ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಅವರೇ ಮೊದಲು ಕೋರ್ಟಿಗೆ ಹೋಗಿ ನಿಮಗೆ ತಿಳಿಯದಂತೆ ಆದೇಶ ತಂದಾರು ಅನ್ನಿಸಿದರೆ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಅನ್ನುವ ಅರ್ಜಿ) ಹಾಕಿಡಿ, ಅದು 90 ದಿನ ನಡೆಯುತ್ತದೆ.

ವರ್ಷಗಳು ಹಿಡಿಯುತ್ತವೆ, ದುಡ್ಡೂ ಹೋಗುತ್ತದೆ. ನಾಲ್ಕು ಸೆಂಟಿಗೆ ಕೋರ್ಟು ನನ್ನ ಮಟ್ಟಿಗೆ ಬೇಡ. ಮನೆಯ ಅಂಗಳ, ನೀರಿನ ಮೂಲ, ಒಂದೇ ದಾರಿ, ಇಂಥದ್ದಾದರೆ ಹಿಂಜರಿಯಬೇಡಿ.

ಸುಮ್ಮನಿದ್ದುಬಿಡುವುದು

ಜಾಸ್ತಿ ಜನ ಆರಿಸುವ ದಾರಿ ಇದೇ. ‘ಹೋಗಲಿ ಬಿಡು, ಎರಡು ಸಾಲು ಗಿಡ ತಾನೇ.’ ಅದು ಒಳ್ಳೆ ಮನಸ್ಸು, ನಾನು ತಪ್ಪು ಅನ್ನುವುದಿಲ್ಲ. ಆದರೆ ದಿನಾಂಕ ಗೊತ್ತಿದ್ದು ಸುಮ್ಮನಿರಿ. ಬಲವಂತವಾಗಿ ಜಾಗದಿಂದ ಹೊರಹಾಕಿದ್ದರೆ ಆರು ತಿಂಗಳೊಳಗೆ ದಾವೆ ಹಾಕಿದವರು ಹಕ್ಕುಪತ್ರ ತೋರಿಸದೆಯೂ ಸ್ವಾಧೀನ ವಾಪಸ್ ಪಡೆಯಬಹುದು. ಆ ಅವಕಾಶ ಆಮೇಲೆ ಇಲ್ಲ. ಹನ್ನೆರಡು ವರ್ಷ ಅವರು ನಿಮ್ಮ ಜಾಗವನ್ನು ಬಹಿರಂಗವಾಗಿ ತಮ್ಮದೇ ಎಂಬಂತೆ ಇಟ್ಟುಕೊಂಡರೆ ಅದು ಅವರದೇ ಆಗಬಹುದು. ದಾರಿಯದ್ದು ಇಪ್ಪತ್ತು ವರ್ಷದ ಲೆಕ್ಕ. ಅಷ್ಟು ಕಾಲ ಅಡ್ಡಿಯಿಲ್ಲದೆ ಹಕ್ಕಿನಿಂದ ಓಡಾಡಿದ್ದರೆ ಓಡಾಡುವ ಹಕ್ಕು ಸಿಗುತ್ತದೆ. ಬಿಟ್ಟುಕೊಡುವುದಾದರೆ ‘ನಿಮಗೆ ಬಳಸಲು ಬಿಟ್ಟಿದ್ದೇನೆ’ ಅಂತ ಒಂದು ಪತ್ರ ಬರೆದು, ಅವರ ಸಹಿ ಪಡೆದು ಬಿಟ್ಟುಕೊಡಿ.

ನಮ್ಮ ವಿಷಯದಲ್ಲಿ ದಾರಿಯೇ ದೊಡ್ಡದಾಗಿತ್ತು. ಜಾಗದ ಬದಲಿಗೆ ಜಾಗ ಅಂತ ವಿನಿಮಯ ಪತ್ರ ನೋಂದಣಿ ಆಯಿತು. ಮರದ ಸಾಲನ್ನೇ ಗಡಿ ಮಾಡಿಕೊಂಡೆವು, ಒಂದು ಸೆಂಟು ನಾವು ಬಿಟ್ಟೆವು. ಪಿಕಪ್ ದಾರಿ ಹತ್ತು ಅಡಿ ಅಗಲ ಅಂತ ಅದೇ ಪತ್ರದಲ್ಲಿ ಬರೆಸಿದೆವು. ಸಹಿ ಹಾಕಿ ಹೊರಗೆ ಬಂದಾಗ ಮಾವ ಅಪ್ಪನಿಗೆ, ‘ಅಮ್ಮ ಹೋದಾಗ ಬರಬೇಕಿತ್ತು ನಾನು’ ಅಂದರು. ಅಪ್ಪ ಏನೂ ಹೇಳಲಿಲ್ಲ, ಅವರ ಹೆಗಲ ಮೇಲೆ ಕೈ ಹಾಕಿ ಜೀಪಿನ ತನಕ ನಡೆದರು.

ಇನ್ನು, ಇದನ್ನು ಓದುವ ಹೊತ್ತಿಗೆ ನಿಮ್ಮ ಬೇಲಿಯ ಹತ್ತಿರ ಹಿಟಾಚಿ ಬಂದು ನಿಂತಿದ್ದರೆ ಮೇಲಿನ ಕ್ರಮ ಬಿಡಿ. ವೀಡಿಯೊ ಮಾಡಿ, ದೂರ ನಿಂತು. 112ಕ್ಕೆ ಹೇಳಿ. ಅದೇ ದಿನ ಪಹಣಿ, ಹಕ್ಕುಪತ್ರ, ಫೋಟೋ ಹಿಡಿದು ವಕೀಲರ ಹತ್ತಿರ ಹೋಗಿ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಿಸಿ. ಅಗೆದ ಮಣ್ಣಿನಲ್ಲಿ ಹಳೇ ಕಲ್ಲು ಬಿದ್ದಿದ್ದರೆ ಅದನ್ನು ಎತ್ತಬೇಡಿ. ಬಿದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ನೋಡಿದವರು ಯಾರ್‍ಯಾರು ಅಂತ ಆ ಹೊತ್ತಿಗೇ ಬರೆದಿಡಿ.